ಮೊದಲು ಜಾಕೆಟ್ಟು, ಆಮೇಲೆ ದೋಣಿ

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಇಬ್ಬರು ಕ್ರಿಕೆಟ್ ಬಗ್ಗೆ ಬರೆದಿದ್ದರು. ನಾನು ದೋಣಿ ಬಗ್ಗೆ ಬರೆಯುತ್ತೇನೆ. ಇದು ಕತೆ ಅಲ್ಲ. ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ನಡೀತಿರೋ ಜಗಳ. ಜಗಳದಲ್ಲಿ ನನ್ನ ಕಡೆ ಯಾರೂ ಇಲ್ಲ, ತಾತ ಮಾತ್ರ ಅರ್ಧ ಇದ್ದಾರೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿಷಯ ಏನೆಂದರೆ, ಬೆಂಗಳೂರಿನಲ್ಲಿರುವ ನಮ್ಮ ಮಾವ, ಅಂದರೆ ಅವ್ವನ ತಮ್ಮ, ಅಣ್ಣನಿಗೂ ನನಗೂ ಸೇರಿ ಒಂದು ಕಯಾಕ್ ಕೊಡಿಸುತ್ತೇನೆ ಅಂದಿದ್ದಾರೆ. ಒಟ್ಟು 25 ಸಾವಿರ ರೂಪಾಯಿ. ಅದರ ಮೇಲೆ ಒಂದು ಪೈಸೆ ಇಲ್ಲ ಅಂತ ಮೊದಲೇ ಹೇಳಿದ್ದಾರೆ. ಕಯಾಕ್ ಅಂದರೆ ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತುಕೊಂಡು ಹೋಗುವ ಉದ್ದನೆಯ ಸಣ್ಣ ದೋಣಿ. ಅದರ ಹುಟ್ಟಿಗೆ ಎರಡು ತುದಿಯಲ್ಲೂ ಹಲಗೆ ಇರುತ್ತದೆ, ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಹಾಕಬೇಕು. ನಾನು ಮೊದಲು ಅದನ್ನು ನೋಡಿದ್ದು ಮೈಸೂರಿನಿಂದ ತಿ. ನರಸೀಪುರದ ಬಸ್ಸಿನಲ್ಲಿ ಬರುವಾಗ, ವರುಣಾ ಕೆರೆಯಲ್ಲಿ. ಯಾರೋ ಹಳದಿ ಬಾಳೆಹಣ್ಣಿನ ಮೇಲೆ ಕೂತು ಹೋಗ್ತಾ ಇದ್ದಾರೆ ಅಂದುಕೊಂಡೆ.

ಇದನ್ನು ಮೊದಲು ಮಾಡಿದವರು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ. ಮರದ ಇಲ್ಲವೆ ಮೂಳೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊಲಿಯುತ್ತಿದ್ದರಂತೆ. ನಮ್ಮ ತೆಪ್ಪವೂ ಹಾಗೇ ಅಲ್ಲವೇ? ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಶೀಟು ಹಾಕಿ ಟಾರು ಬಳಿಯುತ್ತಾರೆ. ತಾತ ಸೇತುವೆ ಬರುವ ಮುಂಚೆ ಜನರನ್ನು ತೆಪ್ಪದಲ್ಲಿ ಹಾಯಿಸುತ್ತಿದ್ದವರು. ಕಯಾಕಿನ ಫೋಟೋ ನೋಡಿ, "ಇದು ನಮ್ ತೆಪ್ಪನೇ ಕಣ್ ಮಗ, ಎಳೆದು ಉದ್ದ ಮಾಡವ್ರೆ" ಅಂದರು.

ಇನ್ನು ಜಗಳಕ್ಕೆ ಬರುತ್ತೇನೆ. ಅಣ್ಣ ಹೈಸ್ಕೂಲು. ಫೋನಿನಲ್ಲಿ ನೋಡಿ ನೋಡಿ ಒಂದು ಕೆಂಪು ಕಯಾಕ್ ಆರಿಸಿಟ್ಟಿದ್ದಾನೆ. ಬಾಣದ ಹಾಗೆ ಸಣ್ಣ, ಉದ್ದ. ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಕೂರುವ ಕಯಾಕ್ 5 ಮೀಟರ್ 20 ಸೆಂಟಿಮೀಟರಿನವರೆಗೆ ಉದ್ದ ಇರಬಹುದು, ತೂಕ 12 ಕಿಲೋ ಇದ್ದರೆ ಸಾಕು. ಅದು ಓಡುತ್ತದೆ ನಿಜ. ಆದರೆ ಹೊಸಬರು ಕೂತರೆ ಕೂತ ಜಾಗದಲ್ಲೇ ಮಗುಚುತ್ತದೆ. ನಾವೆಲ್ಲ ಸೈಕಲ್ ಕಲಿತದ್ದು ಅಪ್ಪನ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು. ರೇಸು ಸೈಕಲ್ಲಿನಲ್ಲಿ ಯಾರಾದರೂ ಕಲಿತದ್ದು ಉಂಟೇ?

ಕಲಿಯುವವರಿಗೆ ಬೇಕಾದ್ದು ಗಿಡ್ಡ, ಅಗಲ, ತಳ ಚಪ್ಪಟೆ ಇರೋದು. ಒಂಬತ್ತು ಹತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅದರಲ್ಲೂ ಎರಡು ಜಾತಿ ಇವೆ. ಒಂದರಲ್ಲಿ ಕಾಲನ್ನು ಒಳಗೆ ತೂರಿಸಿ ಕೂರಬೇಕು. ಅದು ಮಗುಚಿದರೆ ಒಳಗೆಲ್ಲಾ ನೀರು ತುಂಬುತ್ತದೆ, ದಡಕ್ಕೆ ತಂದು ಬೋರಲು ಹಾಕಿ ಚೆಲ್ಲಬೇಕು. ಇನ್ನೊಂದರಲ್ಲಿ ಮೇಲೇ ಕೂರೋದು. ಅದರಲ್ಲಿ ತೂತುಗಳಿವೆ, ಬಂದ ನೀರು ತೂತಿನಿಂದ ಇಳಿದುಹೋಗುತ್ತದೆ. ಬಿದ್ದರೆ ಕಾಲು ಸಿಕ್ಕಿಕೊಳ್ಳುವುದಿಲ್ಲ, ಮತ್ತೆ ಹತ್ತಬಹುದು. ನಮ್ಮ ಬಿಸಿಲಿಗೆ ಅದೇ ಸರಿ. ಗಾಳಿ ತುಂಬುವ ರಬ್ಬರಿನಂಥದ್ದೂ ಸಿಗುತ್ತೆ, ಮಡಿಚಿ ಬಸ್ಸಿನಲ್ಲಿ ತರಬಹುದು. ಆದರೆ ನಮ್ಮ ಹೊಳೆ ದಡದ ಜಾಲಿ ಮುಳ್ಳು ನೋಡಿದವರು ಅದನ್ನು ಕೊಳ್ಳೋದಿಲ್ಲ.

ಇಷ್ಟಕ್ಕೆ ಅಣ್ಣ ಒಪ್ಪಿದ. ಒಪ್ಪದೇ ಇರುವುದು ಜಾಕೆಟ್ಟಿಗೆ. ದೋಣಿಗೇ ದುಡ್ಡು ಸಾಲದು, ಜಾಕೆಟ್ಟು ಯಾಕೆ, ನನಗೆ ಈಜು ಬರುತ್ತೆ ಅಂತಾನೆ. ಅವನಿಗೆ ಬರುತ್ತೆ, ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ಹೊಳೆಯಲ್ಲೇ ಕಲಿತ. ನನಗೆ ಬರೋದಿಲ್ಲ.

ಇಲ್ಲಿ ನನ್ನ ಒಂದು ಸಂಗತಿ ಹೇಳಲೇಬೇಕು. ಹೋದ ಬೇಸಿಗೆ ರಜೆಯಲ್ಲಿ ಮಾವ ನಮ್ಮನ್ನು ಒಂದು ಕೆರೆಗೆ ಕರೆದುಕೊಂಡು ಹೋಗಿದ್ದರು. ಊರ ಹೆಸರು ಬೇಡ. ಅಲ್ಲಿದ್ದವರು ಎಲ್ಲರಿಗೂ ಒಂದೇ ಅಳತೆಯ ಜಾಕೆಟ್ಟು ಕೊಟ್ಟರು. ನನಗೆ ಅದು ದೊಡ್ಡಪ್ಪನ ಕೋಟಿನ ಹಾಗೆ ಇತ್ತು. ಕೊಂಡಿ ಒಂದು ಮುರಿದಿತ್ತು, ದಾರ ಕಟ್ಟಿದರು. ದಡದಿಂದ ಇಪ್ಪತ್ತು ಅಡಿಯೂ ಹೋಗಿರಲಿಲ್ಲ, ಕಯಾಕ್ ಮಗುಚಿತು. ಜಾಕೆಟ್ಟು ತೇಲಿತು, ನಾನು ತೇಲಲಿಲ್ಲ! ಅದು ಮೇಲಕ್ಕೆ ಜಾರಿ ನನ್ನ ಕಿವಿ ಮುಚ್ಚಿತು, ಮೂಗು ನೀರೊಳಗೇ ಇತ್ತು. ಕೂಗೋಣ ಅಂದರೆ ಬಾಯಿಗೆ ನೀರು. ಮಾವ ಎದೆಮಟ್ಟ ನೀರಿನಲ್ಲಿ ಓಡಿ ಬಂದು ಜಡೆ ಹಿಡಿದು ಎಳೆದರು. ಆ ದಿನ ಮನೆಗೆ ಬಂದು ಅವ್ವನಿಗೆ ಹೇಳಲಿಲ್ಲ. ಇದನ್ನು ಓದಿದ ಯಾರಾದರೂ ಹೇಳಿದರೆ ಹೇಳಲಿ.

ಆದ್ದರಿಂದ ನಾನು ಹೇಳುವುದು, ಜಾಕೆಟ್ಟು ಕೊಳ್ಳುವಾಗ ಅಂಗಿ ಕೊಳ್ಳುವ ಹಾಗೆ "ಬೆಳೆಯೋ ಮಕ್ಕಳು, ಒಂದು ಸೈಜು ದೊಡ್ಡದಿರಲಿ" ಅನ್ನಬಾರದು. ತೂಕ ನೋಡಿ, ಎದೆ ಸುತ್ತಳತೆ ನೋಡಿ ತೆಗೆದುಕೊಳ್ಳಬೇಕು. ಹಾಕಿಕೊಂಡು ಪಟ್ಟಿಗಳನ್ನೆಲ್ಲಾ ಬಿಗಿದು ಎರಡು ಕೈ ಮೇಲೆತ್ತಿ ನಿಲ್ಲಬೇಕು. ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಬೇಕು. ಗಲ್ಲಕ್ಕೆ, ಕಿವಿಗೆ ಬಂದರೆ ಅದು ನಿಮ್ಮದಲ್ಲ. ಸಣ್ಣ ಮಕ್ಕಳದಕ್ಕೆ ಕಾಲುಗಳ ನಡುವೆಯೂ ಒಂದು ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಜಾರುವುದಿಲ್ಲ. ಒಳ್ಳೆಯ ಜಾಕೆಟ್ಟಿನ ಒಳಗಡೆ 50 ಅಥವಾ 100 ಎಂದು ಅಚ್ಚು ಹಾಕಿರುತ್ತಾರೆ. ಅದು ನ್ಯೂಟನ್ ಲೆಕ್ಕ. 50 ಅಂದರೆ ಈಜು ಬರುವವರಿಗೆ. 100 ಅಂದರೆ ಈಜು ಬಾರದವರಿಗೂ, ಮುಖ ಮೇಲೆ ಬರುವ ಹಾಗೆ ಮಾಡಿರುತ್ತಾರೆ. 50 ನ್ಯೂಟನ್ ಅಂದರೆ ಸುಮಾರು 5 ಕಿಲೋ ಎತ್ತುವ ಬಲ. 5 ಕಿಲೋ ಬಲ 36 ಕಿಲೋ ಹುಡುಗಿಯನ್ನು ಹೆಂಗೆ ಎತ್ತುತ್ತೆ ಅಂತ ಅಣ್ಣ ನಕ್ಕ. ಬಿಂದಿಗೆ ನೀರೊಳಗೆ ಇರುವಾಗ ಹಗುರ, ಮೇಲೆ ತೆಗೆದರೆ ಭಾರ. ನಮ್ಮ ಮೈಯೂ ಹಾಗೇ, ಬಹಳಪಾಲು ತೂಕವನ್ನು ನೀರೇ ಹೊತ್ತಿರುತ್ತದೆ. ಹೈಸ್ಕೂಲಿನವರಿಗೆ ಆರ್ಕಿಮಿಡೀಸ್ ಗೊತ್ತಿರಬೇಕಿತ್ತು.

ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿರಬೇಕು. ಹುಟ್ಟು ಹಗುರ ಇರಬೇಕು, ಯಾಕೆಂದರೆ ಒಂದು ಗಂಟೆಯಲ್ಲಿ ಅದನ್ನು ಸಾವಿರ ಸಲಕ್ಕಿಂತ ಜಾಸ್ತಿ ಎತ್ತಬೇಕಾಗುತ್ತದೆ. ನೆಟ್ಟಗೆ ನಿಲ್ಲಿಸಿ ಕೈ ಮೇಲಕ್ಕೆ ಚಾಚಿದರೆ ಬೆರಳು ಅದರ ತುದಿಗೆ ಕೊಕ್ಕೆಯ ಹಾಗೆ ಸಿಗಬೇಕು. ಜೀನ್ಸ್ ಪ್ಯಾಂಟು ಬೇಡ, ಒದ್ದೆಯಾದರೆ ಕಲ್ಲು. ಹುಡುಗಿಯರು ದುಪ್ಪಟ್ಟಾ ಮನೆಯಲ್ಲಿಟ್ಟು ಪಿ.ಟಿ. ಡ್ರೆಸ್ ಹಾಕಿಕೊಳ್ಳಬೇಕು. ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು, ಹೊಳೆಯಲ್ಲಿ ಬಾಟಲಿ ಚೂರು ಎಷ್ಟಿದೆ ಅಂತ ನಿಮಗೂ ಗೊತ್ತು, ಒಡೆಯುವವರು ಯಾರು ಅಂತಲೂ ಗೊತ್ತು. ಹಗ್ಗದಲ್ಲಿ ಮೈಯನ್ನು ದೋಣಿಗೆ ಕಟ್ಟಿಕೊಳ್ಳಬಾರದು. ಇದು ತಾತನ ಮಾತು, ತೆಪ್ಪದ ಕಾಲದಿಂದಲೂ ಅವರ ನಿಯಮ.

ಹೊಸ ದೋಣಿಗೆ ಉಳಿದ ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ತರೋಣ. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಬಣ್ಣ ಮಾಸಿ ಬಿರುಕು ಬಿಡುತ್ತದೆ, ಅದನ್ನು ನೋಡಬೇಕು. ನೀರಿಗೆ ಇಳಿಸಿ ಅರ್ಧ ಗಂಟೆ ಬಿಟ್ಟು ಮೇಲೆ ತಂದು ಅಲ್ಲಾಡಿಸಿದರೆ ಒಳಗೆ ನೀರು ಸೇರಿದೆಯಾ ಅಂತ ತಿಳಿಯುತ್ತದೆ. ಬಣ್ಣ ಯಾವುದಾದರೂ ಆಗಲಿ, ಕೆಂಪೇ ಬೇಕು ಅಂತ ಅಳುವವರು ನಮ್ಮ ಮನೆಯಲ್ಲಿ ನನಗಿಂತ ದೊಡ್ಡವರು!

ಎಲ್ಲಿ ಕಲಿಯೋದು ಅನ್ನುವುದೂ ಮುಖ್ಯ. ಅಣ್ಣ ನೇರ ಕಪಿಲೆಗೇ ಇಳಿಸ್ತೀನಿ, ತಿ. ನರಸೀಪುರದ ಸಂಗಮದವರೆಗೂ ಹೋಗ್ತೀನಿ ಅಂತಾನೆ. ಕಪಿಲೆ ಹುಟ್ಟೋದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಜೋರಾದರೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ. ನಮ್ಮೂರಿನಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. 2018ರಲ್ಲೂ 2019ರಲ್ಲೂ ಆಗಸ್ಟ್ ತಿಂಗಳಿನಲ್ಲಿ ನಂಜನಗೂಡಿನ ಹತ್ತಿರ ಊಟಿ ರಸ್ತೆ ಮೇಲೇ ನೀರು ಬಂದಿತ್ತು. ಆಗ ನಾನು ಚಿಕ್ಕವಳು, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ನೆನಪಿದೆ, ಹುಲ್ಲಿನ ಮೆದೆ ಒಂದು ತೇಲಿಕೊಂಡು ಹೋಯಿತು. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗಲೂ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣೋದಿಲ್ಲ. ಮಾಲಂಗಿ ಮಡುವಿನ ಕತೆ ಎಲ್ಲರಿಗೂ ಗೊತ್ತು, ಗುಂಡಿಗೆ ಶಾಪವೇ ಬೇಕಿಲ್ಲ. ಅದಕ್ಕೆ ಮೊದಲ ವರ್ಷ ನಮ್ಮೂರ ಕೆರೆಯೇ ಸಾಕು, ಅದೂ ದಡದ ಪಕ್ಕ, ಅದೂ ದೊಡ್ಡವರು ಒಬ್ಬರು ಇದ್ದಾಗ. ಗಾಳಿ ಎದ್ದರೆ ಮೇಲೆ ಬರಬೇಕು.

ಅವ್ವನ ವಾದ ಬೇರೆ. ಹೆಣ್ಣುಮಗಳಿಗೆ ಇದೆಲ್ಲಾ ಯಾಕೆ, ಅವನೊಬ್ಬನೇ ಆಡಲಿ ಅಂತಾಳೆ. ಗ್ವಾಲಿಯರಿನ ಪ್ರಾಚಿ ಯಾದವ್ ಅವರಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅವರು ಮೊದಲು ಈಜುಗಾರ್ತಿ, ಆಮೇಲೆ ದೋಣಿಗೆ ಬಂದವರು. ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 2021ರಲ್ಲಿ ಫೈನಲ್ ತಲುಪಿದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕಿನಲ್ಲೇ ಚಿನ್ನ ಗೆದ್ದರು. ಇದನ್ನು ಹೇಳಿದಾಗ ಅವ್ವ ಸುಮ್ಮನಾದಳು, ಆದರೆ ಒಪ್ಪಲಿಲ್ಲ.

ನನಗೆ ಚಿನ್ನ ಬೇಡ. ನಮ್ಮ ತರಗತಿಯ ಹುಡುಗರಲ್ಲಿ ಬಹಳ ಜನಕ್ಕೆ ಈಜು ಬರುತ್ತೆ, ಹುಡುಗಿಯರಲ್ಲಿ ಒಬ್ಬಳಿಗೂ ಬರೋದಿಲ್ಲ. ಆದರೆ ಭಾನುವಾರ ಸೋಪಾನದ ಮೇಲೆ ಬಟ್ಟೆ ಒಗೆಯುವವರು ಯಾರು? ನಾವೇ. ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಲ್ಲುವವರು ನಾವು, ಈಜು ಕಲಿಯುವವರು ಅವರು. ಇದು ಯಾವ ಲೆಕ್ಕ? ಜಾಕೆಟ್ಟುಗಳು ಬಂದರೆ ಒಂದು ನಮ್ಮ ಮನೆಯ ಗೂಟದಲ್ಲಿ ನೇತುಹಾಕುತ್ತೇನೆ, ನನ್ನಷ್ಟೇ ಗಾತ್ರದ ಯಾವ ಹುಡುಗಿ ಬೇಕಾದರೂ ಕೇಳಿ ತೆಗೆದುಕೊಂಡು ಹೋಗಬಹುದು. ಅದನ್ನು ಹಾಕಿಕೊಂಡು ಸೊಂಟಮಟ್ಟದ ನೀರಿನಲ್ಲಿ ಕಾಲು ಬಡಿಯಲು ಕಲಿಯಬಹುದು. ಕಲಿಸಲು ಯಾರಾದರೂ ಟೀಚರ್ ಬರುವುದಾದರೆ ನಮ್ಮ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ.

ನನ್ನ ಲೆಕ್ಕ ಹೀಗಿದೆ: ಮೊದಲು ನಾಲ್ಕು ಜಾಕೆಟ್ಟು, ಆಮೇಲೆ ಎರಡು ಹುಟ್ಟು ಮತ್ತು ಸೀಟಿಗಳು, ಉಳಿದದ್ದರಲ್ಲಿ ಸಿಕ್ಕ ದೋಣಿ. ಈ ವರ್ಷ ದೋಣಿ ಸಿಗದಿದ್ದರೆ ತಾತನ ತೆಪ್ಪ ಹಿತ್ತಲಲ್ಲಿ ಇದೆ, ಟಾರು ಬಳಿದರೆ ಆಯಿತು. ತಾತ ಇದಕ್ಕೆ ಮಾತ್ರ ಪೂರ್ತಿ ನನ್ನ ಕಡೆ.

ಮಾವ ಮುಂದಿನ ಭಾನುವಾರ ಬರುತ್ತಾರೆ. ನನ್ನ ತೂಕ 36 ಕಿಲೋ, ಎದೆ ಸುತ್ತಳತೆ 68 ಸೆಂಟಿಮೀಟರ್ ಅಂತ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಅಣ್ಣನದು ಇನ್ನೂ ಬರೆದಿಲ್ಲ, ಟೇಪು ಹಿಡಿದುಕೊಂಡು ಹತ್ತಿರ ಹೋದರೆ ಓಡಿಹೋಗುತ್ತಾನೆ.

— ಏಳನೇ ತರಗತಿಯ ವಿದ್ಯಾರ್ಥಿನಿ