ಮೂಗಿನ ಮಾಂಸಕ್ಕೆ ವೈರಾಣು ಎಷ್ಟು ಹೊಣೆ?

‘ಮೂಗಿನಲ್ಲಿ ಮಾಂಸ ಬೆಳೆದಿದೆಯಂತೆ.’ ತಿಂಗಳುಗಟ್ಟಲೆ ಹೊಳ್ಳೆ ಕಟ್ಟಿಕೊಂಡು, ವಾಸನೆ ತಿಳಿಯದೆ, ಬಾಯಲ್ಲಿ ಉಸಿರಾಡುತ್ತ ಮಲಗುತ್ತಿದ್ದವರು ಇ.ಎನ್.ಟಿ. ವೈದ್ಯರಲ್ಲಿಗೆ ಹೋಗಿಬಂದು ಮನೆಯವರಿಗೆ ಹೇಳುವ ಮೊದಲ ಮಾತು ಇದು. ಕೆಲವರು ಇದನ್ನೇ ದುರ್ಮಾಂಸ ಎನ್ನುತ್ತಾರೆ. ವಾರದ ಮೇಲೆ ಬಯಾಪ್ಸಿ ವರದಿ ಬರುತ್ತದೆ. ಅದರಲ್ಲಿ ‘ಇನ್ವರ್ಟೆಡ್ ಪ್ಯಾಪಿಲೋಮಾ’ ಎಂದಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಮೊಬೈಲ್ ತೆಗೆದು ಹುಡುಕುತ್ತಾರೆ. ಎರಡೇ ನಿಮಿಷದಲ್ಲಿ ಎಚ್‌ಪಿವಿ, ಗರ್ಭಕಂಠದ ಕ್ಯಾನ್ಸರ್, ಲೈಂಗಿಕ ಸೋಂಕು ಎಂಬ ಪದಗಳು ಒಂದರ ಹಿಂದೊಂದು ಎದುರಾಗುತ್ತವೆ. ಅಷ್ಟರಲ್ಲಿ ಪಕ್ಕದ ಮನೆಯವರು ‘ಇಮ್ಯುನಿಟಿ ಕಮ್ಮಿಯಾಗಿದೆ, ಅದಕ್ಕೇ ಹೀಗೆ’ ಎಂದು ಕಷಾಯದ ಪಟ್ಟಿ ಕೊಟ್ಟಿರುತ್ತಾರೆ.

ವೈರಾಣು ಬಂದಿದ್ದರಿಂದ ಬೆಳೆಯಿತು, ಇಮ್ಯುನಿಟಿ ಕುಸಿದಿದ್ದರಿಂದ ಬೆಳೆಯಿತು: ಈ ಎರಡು ವಿವರಣೆಗಳಲ್ಲೂ ಒಂದಿಷ್ಟು ನಿಜವಿದೆ. ಎಷ್ಟು ನಿಜ, ಯಾವ ಬಗೆಯ ಬೆಳವಣಿಗೆಗೆ ನಿಜ ಎಂದು ಬಿಡಿಸಿ ನೋಡದಿದ್ದರೆ ಮಾತ್ರ ಆ ಒಂದಿಷ್ಟು ನಿಜವೇ ದಾರಿ ತಪ್ಪಿಸುತ್ತದೆ.

ಎಲ್ಲ ಮಾಂಸವೂ ಒಂದಲ್ಲ

ಮೂಗಿನ ಒಳಗೋಡೆಗೂ ಅದರ ಸುತ್ತಲಿನ ಸೈನಸ್ ಎಂಬ ಗಾಳಿಗೂಡುಗಳಿಗೂ ಒಂದೇ ತೆಳುವಾದ ಒದ್ದೆ ಪೊರೆಯ ಹೊದಿಕೆ ಇದೆ. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಷ್ನೈಡರ್ ಪೊರೆ ಎಂದು ಹೆಸರು. ಹದಿನೇಳನೆಯ ಶತಮಾನದ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿದ್ದ ಅಂಗರಚನಾ ತಜ್ಞ ಕಾನ್ರಾಡ್ ವಿಕ್ಟರ್ ಷ್ನೈಡರ್, ಸಿಂಬಳ ಮಿದುಳಿನಿಂದ ಸೋರಿ ಮೂಗಿಗೆ ಇಳಿಯುತ್ತದೆ ಎಂಬ ಗ್ರೀಕರ ಕಾಲದ ನಂಬಿಕೆಯನ್ನು ಪ್ರಶ್ನಿಸಿದ. ಮೂಗಿಗೂ ಮಿದುಳಿಗೂ ನಡುವಿನ ಎಲುಬನ್ನು ಪರೀಕ್ಷಿಸಿ, ಸಿಂಬಳ ಹುಟ್ಟುವುದು ಮೂಗಿನ ಪೊರೆಯಲ್ಲೇ ಎಂದು ತೋರಿಸಿಕೊಟ್ಟ. ತಲೆಗೆ ಸ್ನಾನ ಮಾಡಿದ ಮಾರನೆಯ ದಿನ ‘ತಲೆಯ ನೀರು ಮೂಗಿಗಿಳಿಯಿತು’ ಎನ್ನುವ ನಮಗೆ ಆ ಹಳೆಯ ನಂಬಿಕೆ ತೀರಾ ಅಪರಿಚಿತವೇನಲ್ಲ.

ಈ ಪೊರೆಯಲ್ಲಿ ಕಾಣುವ ಬೆಳವಣಿಗೆಗಳಲ್ಲಿ ಹೆಚ್ಚಿನವು ಪಾಲಿಪ್‌ಗಳು. ಸಿಪ್ಪೆ ಸುಲಿದ ದ್ರಾಕ್ಷಿಯಂತೆ ನಸುಬಿಳಿಯಾಗಿ, ಮೆತ್ತಗೆ, ಸಾಮಾನ್ಯವಾಗಿ ಎರಡೂ ಹೊಳ್ಳೆಗಳಲ್ಲಿ ಜೋತುಬಿದ್ದಿರುತ್ತವೆ. ಇವು ನಿಜವಾದ ಅರ್ಥದಲ್ಲಿ ಗೆಡ್ಡೆಗಳೇ ಅಲ್ಲ. ಬಹುಕಾಲದ ಉರಿಯೂತದಿಂದ ಪೊರೆ ನೀರು ಕುಡಿದು ಬಾತುಕೊಂಡ ರೂಪ.

ಪ್ಯಾಪಿಲೋಮಾ ಬೇರೆಯೇ ಜಾತಿ. ಇಲ್ಲಿ ಪೊರೆಯ ಜೀವಕೋಶಗಳೇ ಲೆಕ್ಕ ಮೀರಿ ಹೆಚ್ಚುತ್ತವೆ. ಇದು ನಿಜವಾದ ಗೆಡ್ಡೆ, ಆದರೆ ಕ್ಯಾನ್ಸರ್ ಅಲ್ಲ. ಇದರಲ್ಲಿ ಮೂರು ಬಗೆ. ಒಂದು ಚರ್ಮದ ಮೇಲಿನ ನರಹುಲಿಯಂತೆ ಹೊರಮುಖವಾಗಿ ಬೆಳೆಯುವಂಥದ್ದು, ಹೆಚ್ಚಾಗಿ ಎರಡು ಹೊಳ್ಳೆಗಳ ನಡುವಿನ ಗೋಡೆಯ ಮೇಲೆ. ಇನ್ನೊಂದು ಒಳಮುಖವಾಗಿ ಬೆಳೆಯುವ ಇನ್ವರ್ಟೆಡ್ ಪ್ಯಾಪಿಲೋಮಾ. ಮೂರನೆಯದು ಅಪರೂಪದ ಆಂಕೊಸೈಟಿಕ್ ಬಗೆ.

ನಮ್ಮ ಗಮನವೆಲ್ಲ ಎರಡನೆಯದರ ಮೇಲೆ. ಒಗೆಯಲು ಹಾಕಿದ ಅಂಗಿಯ ತೋಳು ಮಗುಚಿ ಒಳಗೆ ಸೇರಿಕೊಂಡಿರುತ್ತದಲ್ಲ, ಹಾಗೆ ಇಲ್ಲಿ ಪೊರೆ ತನ್ನ ಕೆಳಗಿನ ಅಂಗಾಂಶದೊಳಕ್ಕೆ ಮಗುಚಿಕೊಂಡು ಬೆಳೆಯುತ್ತದೆ. ಸ್ವೀಡನ್ನಿನ ನಿಲ್ಸ್ ರಿಂಗರ್ಟ್ಸ್ 1938ರಲ್ಲಿ ಈ ಒಳಮುಖದ ಗುಣವನ್ನು ಸ್ಪಷ್ಟವಾಗಿ ವಿವರಿಸಿದರು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರ ಆಸುಪಾಸಿನಲ್ಲಿ ಕಾಣುವ ಅಪರೂಪದ ಗೆಡ್ಡೆ ಇದು. ಐವತ್ತು, ಅರವತ್ತರ ವಯಸ್ಸಿನ ಗಂಡಸರಲ್ಲಿ ಹೆಚ್ಚು. ಬಹುತೇಕ ಯಾವಾಗಲೂ ಒಂದೇ ಪಕ್ಕದಲ್ಲಿ.

ಸಾಧು ಗೆಡ್ಡೆಯಾದರೂ ಇದಕ್ಕೆ ಮೂರು ಕೆಟ್ಟ ಚಾಳಿಗಳಿವೆ. ಪಕ್ಕದ ಎಲುಬನ್ನು ಒತ್ತಿ ಸವೆಸುತ್ತದೆ. ತೆಗೆದ ಮೇಲೂ ನೂರರಲ್ಲಿ ಹತ್ತಿಪ್ಪತ್ತು ಮಂದಿಯಲ್ಲಿ ಮರಳಿ ಬರುತ್ತದೆ. ನೂರರಲ್ಲಿ ಐದರಿಂದ ಹತ್ತು ಮಂದಿಯಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತದೆ, ಇಲ್ಲವೇ ಕ್ಯಾನ್ಸರ್ ಜೊತೆಗೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಇದರ ಹುಟ್ಟಿನ ಮೂಲ ಹುಡುಕುವುದಕ್ಕೆ ಸಂಶೋಧಕರು ಇಷ್ಟು ತಲೆ ಕೆಡಿಸಿಕೊಂಡಿರುವುದು.

ಸ್ಥಳದಲ್ಲಿ ಸಿಕ್ಕವರೆಲ್ಲ ಕಳ್ಳರೇ?

ಎಚ್‌ಪಿವಿ ಎಂದರೆ ಮನುಷ್ಯರ ಪ್ಯಾಪಿಲೋಮಾ ವೈರಾಣು. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಬೆರಳಿನ ನರಹುಲಿಯೂ ಇದೇ ಕುಟುಂಬದ ಕೆಲಸ. 16 ಮತ್ತು 18ನೆಯ ಬಗೆಗಳು ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವಂಥವು. ಈ ಕ್ಯಾನ್ಸರಿಗೂ ವೈರಾಣುವಿಗೂ ಇರುವ ನಂಟನ್ನು ತೋರಿಸಿದ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 6 ಮತ್ತು 11ನೆಯವು ಹೆಚ್ಚಾಗಿ ಸಾಧು ಬೆಳವಣಿಗೆಗಳನ್ನಷ್ಟೇ ಉಂಟುಮಾಡುತ್ತವೆ ಎಂಬ ಕಾರಣಕ್ಕೆ ‘ಕಡಿಮೆ ಅಪಾಯದವು’ ಎನಿಸಿಕೊಂಡಿವೆ.

ಹೊರಮುಖದ ಪ್ಯಾಪಿಲೋಮಾಗಳಲ್ಲಿ 6 ಮತ್ತು 11 ಪದೇಪದೇ ಸಿಗುತ್ತವೆ. ಅಲ್ಲಿ ವೈರಾಣುವಿನ ಪಾತ್ರದ ಬಗ್ಗೆ ಹೆಚ್ಚು ತಕರಾರಿಲ್ಲ. ಇನ್ವರ್ಟೆಡ್ ಬಗೆಯಲ್ಲೇ ಗೊಂದಲ. 1980ರ ದಶಕದಿಂದ ಈಚೆಗೆ ನಡೆದ ಅಧ್ಯಯನಗಳಲ್ಲಿ ಕೆಲವಕ್ಕೆ ಹೆಚ್ಚಿನ ಗೆಡ್ಡೆಗಳಲ್ಲಿ ವೈರಾಣು ಸಿಕ್ಕಿದೆ, ಕೆಲವಕ್ಕೆ ಒಂದರಲ್ಲೂ ಸಿಕ್ಕಿಲ್ಲ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದವರ ಲೆಕ್ಕ ಮೂರನೆಯ ಒಂದು ಭಾಗದ ಆಚೀಚೆ ನಿಲ್ಲುತ್ತದೆ.

ಇಷ್ಟು ಅಂತರ ಏಕೆ? ಪಿಸಿಆರ್ ಪರೀಕ್ಷೆಯನ್ನು ಕೋವಿಡ್ ದಿನಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಅದು ವೈರಾಣುವಿನ ಚೂರೇ ಚೂರು ಗುರುತಿದ್ದರೂ ಅದನ್ನು ಕೋಟಿಗಟ್ಟಲೆ ಪ್ರತಿ ಮಾಡಿ ತೋರಿಸುತ್ತದೆ. ಪೊರೆಯ ಮೇಲೆ ಸುಮ್ಮನೆ ಕೂತ ವೈರಾಣುವನ್ನೂ ಹಿಡಿಯುತ್ತದೆ, ಪ್ರಯೋಗಾಲಯದಲ್ಲಿ ಬೆರೆತ ಚೂರನ್ನೂ ಹಿಡಿಯುತ್ತದೆ. ಜಾತ್ರೆಯಲ್ಲಿ ಜೇಬು ಕತ್ತರಿಸಿದರೆ ಅಲ್ಲಿ ನಿಂತಿದ್ದವರೆಲ್ಲ ಕಳ್ಳರಾಗುವುದಿಲ್ಲ. ವೈರಾಣುವಿನ ಇ6, ಇ7 ಎಂಬ ವಂಶವಾಹಿಗಳು ಕೋಶದೊಳಗೆ ಕೆಲಸ ಮಾಡುತ್ತಿವೆಯೇ, ಅಂದರೆ ಕೈ ನಿಜವಾಗಿ ಜೇಬಿನೊಳಗಿತ್ತೇ ಎಂದು ನೋಡಬೇಕು. ಹಾಗೆ ಬಿಗಿಯಾಗಿ ನೋಡಿದ ಅಧ್ಯಯನಗಳಲ್ಲಿ ಎಚ್‌ಪಿವಿಯ ಪಾಲು ಕುಗ್ಗಿದೆ.

ಇನ್ನೊಬ್ಬ ಶಂಕಿತ ಸಿಕ್ಕಿದ್ದು 2015ರಲ್ಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು ಇನ್ವರ್ಟೆಡ್ ಪ್ಯಾಪಿಲೋಮಾಗಳ ವಂಶವಾಹಿಗಳನ್ನು ಓದಿತು. ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿ ಕೆಟ್ಟಿತ್ತು. ಕೋಶದ ಹೊರಗೋಡೆಯ ಮೇಲೆ ‘ಬೆಳೆ’ ಎಂಬ ಸಂದೇಶ ಪಡೆಯುವ ಗುಂಡಿಯನ್ನು ಕಟ್ಟುವ ವಂಶವಾಹಿ ಅದು. ಕರೆಗಂಟೆಯ ಗುಂಡಿ ಒತ್ತಿದ್ದು ಮೇಲೇಳದೆ ಸಿಕ್ಕಿಕೊಂಡರೆ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಕೋಶದ ಸ್ಥಿತಿಯೂ ಅದೇ: ಹೊರಗಿನಿಂದ ಸಂದೇಶ ಬರದಿದ್ದರೂ ಬೆಳೆಯುತ್ತಲೇ ಹೋಗುತ್ತದೆ. ಇದು ಹೆತ್ತವರಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. ಆ ಒಂದು ಜಾಗದ ಕೋಶಗಳಲ್ಲಿ ಬದುಕಿನ ನಡುವೆ ಆದ ಎಡವಟ್ಟು.

ಅದೇ ತಂಡ 2018ರಲ್ಲಿ ಇನ್ನೊಂದು ಕುತೂಹಲದ ಸಂಗತಿ ಪ್ರಕಟಿಸಿತು. ಇಜಿಎಫ್‌ಆರ್ ಕೆಟ್ಟ ಗೆಡ್ಡೆಗಳಲ್ಲಿ ಎಚ್‌ಪಿವಿ ಇರಲಿಲ್ಲ; ಎಚ್‌ಪಿವಿ ಇದ್ದ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ಸರಿಯಾಗಿತ್ತು. ಒಂದೇ ಊರಿಗೆ ಎರಡು ದಾರಿ ಇದ್ದಂತೆ. ವೈರಾಣುವಿನ ದಾರಿಯಲ್ಲಿ ಬಂದವುಗಳಲ್ಲಿ ಕ್ಯಾನ್ಸರ್ ಕಡೆಗೆ ವಾಲುವುದು ಹೆಚ್ಚು ಎಂಬ ಸೂಚನೆಯೂ ಸಿಕ್ಕಿತು, ಅದೂ ‘ಕಡಿಮೆ ಅಪಾಯದ’ ಬಗೆಗಳು ಸೇರಿದಂತೆ. ಮುಂದೆ ಬೇರೆ ಪ್ರಯೋಗಾಲಯಗಳ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬರಲಿಲ್ಲ. ಎರಡೂ ಇಲ್ಲದ ಗೆಡ್ಡೆಗಳೂ ಸಿಕ್ಕವು. ಆದರೂ ‘ಇನ್ವರ್ಟೆಡ್ ಪ್ಯಾಪಿಲೋಮಾ ಎಂದರೆ ಎಚ್‌ಪಿವಿ ಕಾಯಿಲೆ’ ಎಂಬ ಸರಳ ಸಮೀಕರಣ ಅಲ್ಲಿಗೆ ಮುರಿಯಿತು.

ಮನೆಯ ಮಾತಿಗೂ ಇದರಿಂದ ಒಂದು ಪಾಠವಿದೆ. ವರದಿಯಲ್ಲಿ ಎಚ್‌ಪಿವಿ ಎಂದಿದ್ದರೆ ಅದು ಯಾರ ನಡತೆಯ ಪ್ರಮಾಣಪತ್ರವೂ ಅಲ್ಲ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ದಾಟಿದ ಇದೇ 6, 11ನೆಯ ಬಗೆಗಳು ಪುಟ್ಟ ಮಕ್ಕಳ ಧ್ವನಿಪೆಟ್ಟಿಗೆಯಲ್ಲೂ ಪ್ಯಾಪಿಲೋಮಾ ಬೆಳೆಸುತ್ತವೆ.

ಕಾವಲುಗಾರನ ಎರಡು ತಪ್ಪು

ಇನ್ನು ಇಮ್ಯುನಿಟಿಯ ಮಾತು. ನಮ್ಮ ಆಡುಮಾತಿನಲ್ಲಿ ಅದು ಟ್ಯಾಂಕಿನ ನೀರಿದ್ದಂತೆ: ಹೆಚ್ಚಿದ್ದರೆ ಒಳ್ಳೆಯದು, ಕಡಿಮೆಯಾದರೆ ತುಂಬಿಸಬೇಕು. ದೇಹದಲ್ಲಿ ಅದು ನಡೆದುಕೊಳ್ಳುವುದು ಕಾವಲುಗಾರನ ಹಾಗೆ. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂಬ ತೀರ್ಮಾನವೇ ಅವನ ಕೆಲಸ. ತಪ್ಪುವುದೂ ಅಲ್ಲೇ, ಎರಡು ವಿರುದ್ಧ ದಿಕ್ಕುಗಳಲ್ಲಿ.

ಪಾಲಿಪ್ ಆಗುವಾಗ ಕಾವಲುಗಾರ ಇಲ್ಲದ ಶತ್ರುವಿನ ಮೇಲೆ ಬೀಳುತ್ತಾನೆ. ಪೊರೆಯ ತುಂಬ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಜಮಾಯಿಸುತ್ತವೆ. ಇಂಟರ್‌ಲ್ಯೂಕಿನ್ 4, 5, 13 ಎಂಬ ರಾಸಾಯನಿಕ ಸಂದೇಶಗಳು ಉರಿಯೂತವನ್ನು ಆರಲು ಬಿಡುವುದಿಲ್ಲ. ಮೂಗಿನಲ್ಲಿ ಬೀಡುಬಿಟ್ಟ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ವಿಷ ಈ ಬೆಂಕಿಗೆ ಎಣ್ಣೆ ಸುರಿಯುವುದೂ ಉಂಟು. ಇಂಥವರಲ್ಲಿ ಹಲವರಿಗೆ ಆಸ್ತಮಾ ಇರುತ್ತದೆ. ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುತ್ತದೆ. ಇಲ್ಲಿ ‘ಬೂಸ್ಟ್’ ಮಾಡಲು ಏನೂ ಇಲ್ಲ, ತಣಿಸಬೇಕಾಗಿದೆ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ ಮಾಡುವುದು ಅದನ್ನೇ. 2019ರಲ್ಲಿ ಅಮೆರಿಕದಲ್ಲಿ ಪಾಲಿಪ್‌ಗೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದು ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶವನ್ನೇ ತಡೆಯುತ್ತದೆ.

ಎಚ್‌ಪಿವಿ ವಿಷಯದಲ್ಲಿ ತಪ್ಪು ತಿರುಗುಮುರುಗು. ಈ ವೈರಾಣು ರಕ್ತಕ್ಕೆ ಇಳಿಯುವುದಿಲ್ಲ, ಜ್ವರ ತರುವುದಿಲ್ಲ, ತಾನು ಹೊಕ್ಕ ಕೋಶವನ್ನು ಸಿಡಿಸಿ ಗಲಾಟೆ ಎಬ್ಬಿಸುವುದಿಲ್ಲ. ಪೊರೆಯ ತಳದ ಕೋಶಗಳಲ್ಲಿ ಅಡಗಿದ್ದು, ಕೋಶ ಮೇಲೆದ್ದು ಉದುರುವಾಗ ಅದರೊಂದಿಗೇ ಹೊರಬೀಳುತ್ತದೆ. ಸದ್ದಿಲ್ಲದೆ ಬಂದುಹೋಗುವವನನ್ನು ಕಾವಲುಗಾರ ಗಮನಿಸುವುದೇ ತಡವಾಗಿ. ಆದರೂ ಬಹಳ ಜನರ ದೇಹ ಒಂದೆರಡು ವರ್ಷದಲ್ಲಿ ಅದನ್ನು ಹೊರಹಾಕುತ್ತದೆ. ಅಂಗಾಂಗ ಕಸಿಯ ನಂತರ ರೋಗನಿರೋಧಕತೆ ತಗ್ಗಿಸುವ ಮಾತ್ರೆ ನುಂಗುವವರಲ್ಲಿ, ಎಚ್ಐವಿ ಸೋಂಕಿತರಲ್ಲಿ ಅದು ಹೆಚ್ಚು ಕಾಲ ಬೇರೂರುತ್ತದೆ. ‘ಇಮ್ಯುನಿಟಿ ಕಡಿಮೆ’ ಎಂಬ ಮಾತು ನಿಜವಾಗಿ ಹೊಂದುವುದು ಇಲ್ಲಿಗೆ.

ಇನ್ವರ್ಟೆಡ್ ಪ್ಯಾಪಿಲೋಮಾದೊಳಗಿನ ನೋಟ ಈ ಎರಡಕ್ಕಿಂತಲೂ ಬೇರೆ. ಸೂಕ್ಷ್ಮದರ್ಶಕದಲ್ಲಿ ಅಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗೆಡ್ಡೆಯ ಪದರಗಳೊಳಗೆ ನುಗ್ಗಿರುವುದು ಕಾಣುತ್ತದೆ. ರೋಗಶಾಸ್ತ್ರಜ್ಞರು ಈ ಗೆಡ್ಡೆಯನ್ನು ಗುರುತು ಹಿಡಿಯುವ ಕುರುಹುಗಳಲ್ಲಿ ಇದೂ ಒಂದು. ಕಾವಲುಗಾರರು ಬಂದಿದ್ದಾರೆ, ಆದರೆ ಗೆಡ್ಡೆ ಕರಗಿಲ್ಲ. ಕೆಲವು ಗೆಡ್ಡೆಗಳ ಕೋಶಗಳ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನ್ ಕಂಡುಬಂದಿದೆ. ‘ನಾನು ನಿಮ್ಮವನೇ’ ಎಂದು ಕಾವಲುಗಾರನಿಗೆ ತೋರಿಸುವ ಪಾಸ್ ಅದು. ಉರಿಯೂತ ಮೊದಲೋ ಗೆಡ್ಡೆ ಮೊದಲೋ ಎಂಬ ವಾದ ಇನ್ನೂ ತೀರಿಲ್ಲ.

ಲಸಿಕೆ ಎಲ್ಲಿ, ಕತ್ತರಿ ಎಲ್ಲಿ?

ಭಾರತದ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು 16, 18ರ ಜೊತೆಗೆ 6, 11ನ್ನೂ ತಡೆಯುವಂಥದ್ದು. ಈ ನಾಲ್ಕನ್ನು ತಡೆಯುವ ಲಸಿಕೆಯನ್ನು 2007ರಿಂದ ಕೊಡುತ್ತ ಬಂದ ಆಸ್ಟ್ರೇಲಿಯಾದಲ್ಲಿ ಮಕ್ಕಳ ಧ್ವನಿಪೆಟ್ಟಿಗೆಯ ಪ್ಯಾಪಿಲೋಮಾ ಬಹಳ ಇಳಿದಿದೆ. ಮೂಗಿನ ಇನ್ವರ್ಟೆಡ್ ಬಗೆಯೂ ಇದರಿಂದ ಇಳಿಯುತ್ತದೆ ಎಂದು ಮಾತ್ರ ಹೇಳಲಾಗದು. ವೈರಾಣುವಿನ ಪಾಲೇ ಅಲ್ಲಿ ಚಿಕ್ಕದಿರುವಾಗ ಲಸಿಕೆಯಿಂದ ದೊಡ್ಡ ಫಲ ಬಯಸುವುದು ಸರಿಯಲ್ಲ. ಲಸಿಕೆ ತಡೆಯುತ್ತದೆ, ಬೆಳೆದು ನಿಂತದ್ದನ್ನು ಕರಗಿಸುವುದಿಲ್ಲ ಎಂಬುದೂ ನೆನಪಿರಬೇಕು.

ಬೆಳೆದು ನಿಂತದ್ದಕ್ಕೆ ಇವತ್ತಿಗೂ ಶಸ್ತ್ರಕ್ರಿಯೆಯೇ ಮದ್ದು. ಹಿಂದೆ ಮುಖದ ಚರ್ಮ ಕೊಯ್ದು ಮಾಡುತ್ತಿದ್ದುದನ್ನು ಈಗ ಹೆಚ್ಚಾಗಿ ಹೊಳ್ಳೆಯೊಳಗಿಂದಲೇ ಎಂಡೋಸ್ಕೋಪ್ ತೂರಿಸಿ ಮಾಡುತ್ತಾರೆ. ಹುಲ್ಲು ಕೊಯ್ದಂತೆ ಮೇಲಿನದನ್ನಷ್ಟೇ ತೆಗೆದರೆ ಮತ್ತೆ ಚಿಗುರುತ್ತದೆ. ಗೆಡ್ಡೆ ಅಂಟಿಕೊಂಡ ಬುಡವನ್ನು ಹುಡುಕಿ, ಅಲ್ಲಿನ ಪೊರೆ ಸುಲಿದು, ಕೆಳಗಿನ ಎಲುಬನ್ನೂ ಉಜ್ಜಿ ತೆಗೆಯಬೇಕು. ಬುಡವಿರುವ ಕಡೆ ಎಲುಬು ದಪ್ಪಗಾಗಿರುವುದನ್ನು ಸಿ.ಟಿ. ಸ್ಕ್ಯಾನ್ ಅನೇಕ ಬಾರಿ ತೋರಿಸಿಕೊಡುತ್ತದೆ, ಎಂ.ಆರ್.ಐ.ನಲ್ಲಿ ಗೆಡ್ಡೆಯ ಮಡಿಕೆಗಳು ಮಿದುಳಿನ ಸುರುಳಿಗಳ ಹಾಗೆ ಕಾಣುತ್ತವೆ. ಮರಳಿ ಬರುವುದು ವರ್ಷಗಳಾದ ಮೇಲೂ ಆಗಬಹುದಾದ್ದರಿಂದ ಎಂಡೋಸ್ಕೋಪ್ ತಪಾಸಣೆಯನ್ನು ವರ್ಷಗಟ್ಟಲೆ ಮುಂದುವರಿಸಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇದು ಮರಳುವುದು ಹೆಚ್ಚು ಎಂದು ಕೆಲವು ಅಧ್ಯಯನಗಳು ತೋರಿಸಿವೆ.

ಎಚ್‌ಪಿವಿ ಇದೆ ಎಂದಾಗಲಿ ಇಲ್ಲ ಎಂದಾಗಲಿ ಬಂದ ವರದಿಯಿಂದ ಈ ಶಸ್ತ್ರಕ್ರಿಯೆಯ ಕ್ರಮ ಇಂದು ಬದಲಾಗುವುದಿಲ್ಲ. ಬದಲಾಗುವುದು ಬುಡ ಎಲ್ಲಿದೆ, ಒಳಗೆ ಕ್ಯಾನ್ಸರ್ ಅಡಗಿದೆಯೇ ಎಂಬುದರಿಂದ. ಹಾಗಾಗಿ ತೆಗೆದ ಮಾಂಸವನ್ನೆಲ್ಲ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ಕೇಳುವುದು, ಯಾವ ವೈರಾಣು ಎಂದು ಕೇಳುವುದಕ್ಕಿಂತ ಮುಖ್ಯ.

ಅದಕ್ಕೂ ಮೊದಲು ಒಂದು ಸುಲಭದ ಪರೀಕ್ಷೆ ಮನೆಯಲ್ಲೇ ಇದೆ. ಒಂದೊಂದೇ ಹೊಳ್ಳೆ ಮುಚ್ಚಿ ಉಸಿರೆಳೆದು ನೋಡಿ. ನೆಗಡಿ, ಅಲರ್ಜಿ, ಸಾಮಾನ್ಯ ಪಾಲಿಪ್ ಹೆಚ್ಚಾಗಿ ಎರಡೂ ಕಡೆ ಕಾಡುತ್ತವೆ, ಇಲ್ಲವೇ ಪಕ್ಕ ಬದಲಿಸುತ್ತಿರುತ್ತವೆ. ಯಾವಾಗಲೂ ಒಂದೇ ಪಕ್ಕ ಕಟ್ಟಿಕೊಂಡು, ಅದೇ ಪಕ್ಕದಿಂದ ಆಗಾಗ ರಕ್ತ ಕಾಣಿಸುತ್ತಿದ್ದರೆ ಹಬೆ, ಡ್ರಾಪ್ಸ್, ಕಷಾಯಗಳಲ್ಲಿ ತಿಂಗಳು ಕಳೆಯಬೇಡಿ. ಅದು ಇನ್ವರ್ಟೆಡ್ ಪ್ಯಾಪಿಲೋಮಾ ಆಗಿರಬಹುದು, ಕೆರೆನೀರಿನಲ್ಲಿ ಮೀಯುವವರಲ್ಲಿ ಕಾಣುವ ರೈನೋಸ್ಪೊರಿಡಿಯೋಸಿಸ್ ಆಗಿರಬಹುದು, ಹೊಳ್ಳೆಗಳ ನಡುವಿನ ಗೋಡೆ ಸೊಟ್ಟಗಿರುವುದಷ್ಟೇ ಆಗಿರಬಹುದು. ಹೊರಗೆ ನಿಂತು ಊಹಿಸಿದವರೆಲ್ಲ ಸಿಂಬಳವನ್ನು ಮಿದುಳಿನಿಂದಲೇ ಇಳಿಸಿದರು. ಒಳಗೆ ಇಣುಕಿ ನೋಡಲು ಈಗ ಎಂಡೋಸ್ಕೋಪ್‌ಗೆ ಐದು ನಿಮಿಷ ಸಾಕು.