ಕಂಪನಿ ಇಲ್ಲದ ಕಡೆ ಸಂಶೋಧನೆಗೆ ಪಾಲುದಾರರು ಯಾರು?

ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಉದ್ಯಮದ ನಡುವಣ ಸಹಯೋಗಕ್ಕೆ ಒಂದು ಸಿದ್ಧ ಅಚ್ಚು ಇದೆ. ಕಂಪನಿಯೊಂದು ಸಮಸ್ಯೆಯನ್ನೂ ಹಣವನ್ನೂ ತರುತ್ತದೆ. ಪ್ರಾಧ್ಯಾಪಕರು ಪ್ರಯೋಗಾಲಯ, ವಿದ್ಯಾರ್ಥಿಗಳನ್ನು ಒದಗಿಸುತ್ತಾರೆ. ಪೇಟೆಂಟ್ ಯಾರ ಹೆಸರಿಗೆ ಎಂಬುದು ಒಪ್ಪಂದ ಪತ್ರದಲ್ಲೇ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಂಥ ಕೆಲಸಕ್ಕೆಂದೇ 1975ರಲ್ಲಿ ಪ್ರತ್ಯೇಕ ಕೇಂದ್ರ ತೆರೆಯಿತು. ಆದರೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಈ ಅಚ್ಚು ಹೊಂದುವುದಿಲ್ಲ. ಕಲ್ಲಿನ ಕ್ವಾರಿಗಳಂಥವನ್ನು ಬಿಟ್ಟರೆ ಇಲ್ಲಿ ಉದ್ಯಮವೆಂದರೆ ಹೆಚ್ಚಾಗಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು, ಗೂಡಿನಿಂದ ನೂಲು ಬಿಚ್ಚುವವರು, ಹುರಿ ಮಾಡುವವರು, ಕೊಳ್ಳೇಗಾಲದ ಮಗ್ಗದ ಮನೆಗಳು, ಕಾಡಿನಿಂದ ಜೇನು, ನೆಲ್ಲಿಕಾಯಿ ತರುವ ಸೋಲಿಗರು. ಅವರೆಲ್ಲರ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವವರು ಯಾರೂ ಇಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಸಹಿ ಹಾಕುವವರಿದ್ದರು. ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲೇ ಉಳಿಯಿತು. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಪ್ರಶ್ನೆಯನ್ನು ವಿಜ್ಞಾನ ಸಂಸ್ಥೆಗೆ ಒಯ್ದರು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಭಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರ ಹೊತ್ತಿಗೆ ಗಂಧದೆಣ್ಣೆಯ ತಯಾರಿಕೆ ಆರಂಭವಾಯಿತು. ಇಷ್ಟು ಬೇಗ ಕೆಲಸ ಮುಗಿದದ್ದಕ್ಕೆ ಕಾರಣ ಸರಳ: ಗಂಧದ ಮರದ ಒಡೆತನ, ಕಾರ್ಖಾನೆಯ ಬಂಡವಾಳ ಎರಡೂ ಸರ್ಕಾರದ್ದೇ. ಆದರೆ ಈ ತಾಲ್ಲೂಕುಗಳೆಲ್ಲ ಆ ಸಂಸ್ಥಾನದಲ್ಲಿರಲಿಲ್ಲ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನ ಒಳಗಿತ್ತು; ಕೊಳ್ಳೇಗಾಲ ಮಾತ್ರ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹೀಗಾಗಿ ಮೈಸೂರು ಕಟ್ಟಿದ ಸಂಸ್ಥೆಗಳಿಗೂ ಕೊಳ್ಳೇಗಾಲಕ್ಕೂ ಆಡಳಿತದ ನಂಟು ಬೆಳೆದದ್ದು ತಡವಾಗಿ.

ಆ ನಂಟು ಗಟ್ಟಿಯಾದದ್ದು ರೇಷ್ಮೆಯಲ್ಲಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1961ರಿಂದ ಕೆಲಸ ಮಾಡುತ್ತಿದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ರೇಷ್ಮೆ ವಿಭಾಗಗಳಿವೆ. ಇವುಗಳ ಕೆಲಸ ಎಷ್ಟರ ಮಟ್ಟಿಗೆ ಹಳ್ಳಿ ಮುಟ್ಟಿದೆ ಎಂಬುದಕ್ಕೆ ಊಜಿ ನೊಣದ ಕಥೆ ಸಾಕು. ಪಶ್ಚಿಮ ಬಂಗಾಳದ ಈ ಪೀಡೆ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ. ನೊಣ ಹುಳುವಿನ ಮೈಮೇಲೆ ಸಣ್ಣ ಬಿಳಿ ಮೊಟ್ಟೆ ಇಡುತ್ತದೆ. ಮರಿ ಚರ್ಮ ಕೊರೆದು ಒಳಹೊಕ್ಕ ಕಡೆ ಕಪ್ಪು ಕಲೆ ಬೀಳುತ್ತದೆ. ಹುಳು ಗೂಡು ಕಟ್ಟುವ ಮುಂಚೆಯೇ ಸಾಯಬಹುದು. ಗೂಡು ಕಟ್ಟಿದರೂ ಊಜಿಯ ಮರಿ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತುಗೂಡಿನ ಎಳೆ ಅಲ್ಲಲ್ಲಿ ತುಂಡಾಗಿರುವುದರಿಂದ ನೂಲು ಬಿಚ್ಚಲು ಬಾರದು, ಅದು ಜಾಳಿನ ಬೆಲೆಗೆ ಹೋಗುತ್ತದೆ. ಸಂಶೋಧಕರು ಇದಕ್ಕೆ ಒಂದೇ ಮದ್ದು ಹುಡುಕಲಿಲ್ಲ. ಸಾಕಣೆ ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ, ನೀರಿನಲ್ಲಿ ಕರಗಿಸಿ ನೊಣವನ್ನು ಸೆಳೆಯುವ ಮಾತ್ರೆ, ಊಜಿಯ ಕೋಶವನ್ನೇ ತಿಂದು ಬದುಕುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ, ಇವನ್ನೆಲ್ಲ ಒಟ್ಟಿಗೆ ಬಳಸುವ ಕ್ರಮ ಹೊರಬಂತು. ಆ ಕಣಜವನ್ನು ಚೀಲದಲ್ಲಿ ತುಂಬಿ ರೈತರಿಗೆ ಕೊಡುವ ವ್ಯವಸ್ಥೆಯೂ ಆಯಿತು.

ಹಿಪ್ಪುನೇರಳೆಯಲ್ಲಿ 1997ರ ವಿ-1 ತಳಿ ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 60 ಟನ್ನಿಗೂ ಮೇಲೆ ಎಲೆ ಕೊಡಬಲ್ಲದು. ಜಪಾನಿನ ನೆರವಿನಿಂದ 1991ರಲ್ಲಿ ಆರಂಭವಾದ ಯೋಜನೆಯ ಅವಧಿಯಲ್ಲಿ ಸಿಎಸ್‌ಆರ್ ಹೆಸರಿನ ದ್ವಿತಳಿ ಹುಳುಗಳು ಬಂದವು. ಇವೆಲ್ಲ ತಲುಪಿದ್ದು ಸಂಶೋಧಕರ ಜಾಣ್ಮೆಯೊಂದರಿಂದಲೇ ಎನ್ನಲಾಗದು. ನಡುವೆ ಮೊಟ್ಟೆ ಒದಗಿಸುವ ಬಿತ್ತನೆ ಕೋಠಿ, ಎಳೆ ಹುಳು ಬೆಳೆಸುವ ಚಾಕಿ ಸಾಕಣೆ ಕೇಂದ್ರ, ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರ, ಗೂಡಿನ ಮಾರುಕಟ್ಟೆ ಎಂಬ ಸರಪಳಿ ಮೊದಲೇ ಇತ್ತು. ಹೊಸ ತಳಿ ಸೋತರೆ ಆಗುವ ನಷ್ಟದ ಒಂದು ಪಾಲನ್ನಾದರೂ ಹೊರುವ ಸಾರ್ವಜನಿಕ ವ್ಯವಸ್ಥೆ ಅದು. ಗೂಡು ಮಾರಾಟವಾದ ಮೇಲೆ ಈ ಸರಪಳಿ ಸಡಿಲಗೊಳ್ಳುತ್ತದೆ. ಬಿಸಿನೀರಿನಲ್ಲಿ ದಿನವಿಡೀ ಕೈ ಅದ್ದಿ ಎಳೆ ಹುಡುಕುವ ಹೆಂಗಸರ ಬೆರಳುಗಳ ಬಗ್ಗೆ, ಸಣ್ಣ ಮಗ್ಗದವರ ವಿನ್ಯಾಸದ ಖರ್ಚಿನ ಬಗ್ಗೆ ಪ್ರಯೋಗಾಲಯ ತೋರಿದ ಆಸಕ್ತಿ ಹುಳುವಿನ ಬಗ್ಗೆ ತೋರಿದ್ದಕ್ಕಿಂತ ಕಡಿಮೆಯೇ.

ಸರಪಳಿಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾಣಬಹುದು. ಕಾಡನ್ನು ಆವರಿಸಿದ ಲಂಟಾನ ಎಂಬ ಪೊದೆಯನ್ನೇ ಬೆತ್ತದ ಬದಲು ಬಳಸುವ ಪ್ರಯತ್ನವನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿನ ಸಮುದಾಯಗಳ ಜೊತೆ 2000ದ ದಶಕದಲ್ಲಿ ಕೈಗೊಂಡರು. ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ ಸಿಪ್ಪೆ ಸುಲಿದರೆ ಅದು ಬಾಗುತ್ತದೆ. ಕುರ್ಚಿ, ಬುಟ್ಟಿ, ಆಟಿಕೆ ಆಗುತ್ತದೆ. ಕಚ್ಚಾವಸ್ತುವಿಗೆ ಬರವಿಲ್ಲ, ತಂತ್ರವೂ ಸುಲಭ. ಆದರೆ ಕೊಳ್ಳುವವರಿರುವುದು ಬೆಂಗಳೂರಿನಲ್ಲಿ. ಕುರ್ಚಿಗೆ ಗೂಡಿನ ಮಾರುಕಟ್ಟೆಯಂಥದ್ದು ಇಲ್ಲ. ಪ್ರತಿ ಸಲವೂ ಹೊಸದಾಗಿ ಬೇಡಿಕೆ ಹುಡುಕಬೇಕು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಅನುಭವ ಬೇರೆ. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಪರಿಸರ ವಿಜ್ಞಾನಿಗಳು 1990ರ ದಶಕದಲ್ಲಿ ಜೇನು, ನೆಲ್ಲಿಕಾಯಿಗಳನ್ನು ಸಂಸ್ಕರಿಸುವ ಕಿರು ಉದ್ಯಮ ಕಟ್ಟಿದರು. ಎಷ್ಟು ಕೊಯ್ದರೆ ಮರಕ್ಕೆ ಧಕ್ಕೆಯಿಲ್ಲ ಎಂಬ ಲೆಕ್ಕವೂ ಅದರ ಭಾಗವಾಗಿತ್ತು. ಮುಂದಿನ ದಶಕದ ಮಧ್ಯದಲ್ಲಿ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಹೆಸರಿನಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನೇ ನಿಲ್ಲಿಸಲಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಒಂದು ಆದೇಶ ಕಚ್ಚಾವಸ್ತುವನ್ನು ಕಿತ್ತುಕೊಂಡ ಮೇಲೆ ಯಾವ ಸಂಶೋಧನೆಯೂ ಉದ್ಯಮವನ್ನು ಉಳಿಸಲಾರದು. ಇಲ್ಲಿ ತಿಳಿವಳಿಕೆ ಎದುರು ದಿಕ್ಕಿನಿಂದಲೂ ಹರಿಯಿತು. ಹಿಂದೆ ಹಾಕುತ್ತಿದ್ದ ತರಗು ಬೆಂಕಿ ನಿಂತಿದ್ದರಿಂದಲೇ ಲಂಟಾನ ಹಬ್ಬಿತು ಎಂಬ ಸೋಲಿಗರ ವಿವರಣೆ ವಿಜ್ಞಾನ ಪತ್ರಿಕೆಗಳ ಚರ್ಚೆಯಲ್ಲಿ ಜಾಗ ಪಡೆಯಿತು.

ಇಂಥ ಸಹಯೋಗಗಳು ಲೆಕ್ಕಕ್ಕೆ ಬಾರದಿರುವುದಕ್ಕೆ ಇನ್ನೊಂದು ಕಾರಣ ಅಳತೆಗೋಲು. ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಪೇಟೆಂಟ್, ಸಲಹಾ ಶುಲ್ಕಗಳನ್ನು ಎಣಿಸುತ್ತದೆ. ಭಾರತದ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಗಿಡ, ಪ್ರಾಣಿ, ಕೃಷಿ ವಿಧಾನಗಳಿಗೆ ಪೇಟೆಂಟ್ ಇಲ್ಲ. ವಿ-1 ಕಡ್ಡಿಯನ್ನು ರೈತರು ಪಕ್ಕದ ಹೊಲದಿಂದ ತಂದು ನೆಡುವಂತಿರುವುದೇ ಅದರ ಯಶಸ್ಸು; ಅಂಕಪಟ್ಟಿಯಲ್ಲಿ ಮಾತ್ರ ಅದು ಸೊನ್ನೆ.

ಜಿಲ್ಲೆಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಎರಡು ವರ್ಷದೊಳಗೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲೇ ಕೇಳಿಬಂದದ್ದು ಬೇರೆ ವಿಷಯ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ನೂಲು ಬಿಚ್ಚುವ ಬೇಸಿನ್‌ನ ನೀರು ಮತ್ತು ಸೌದೆಯ ಉಳಿತಾಯ, ನೂಲು ಬಿಚ್ಚಿದ ಮೇಲೆ ಉಳಿಯುವ, ಎಣ್ಣೆ, ಪ್ರೋಟೀನ್ ತುಂಬಿದ ಕೋಶದ ತ್ಯಾಜ್ಯದ ಬಳಕೆ, ವಿನ್ಯಾಸ ನೇಯಲು ಸಣ್ಣ ಮಗ್ಗಕ್ಕೆ ಕೈಗೆಟಕುವ ಜಕಾರ್ಡ್ ಸಾಧನ, ಇವು ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೇಳಿಮಾಡಿಸಿದ ವಿಷಯಗಳು. ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರುವ ಅಗತ್ಯವೇ ಬೀಳದು. ಹಣವನ್ನು ಇಲಾಖೆ ಅಥವಾ ರೇಷ್ಮೆ ಮಂಡಳಿ ಕೊಡಬೇಕಾಗುತ್ತದೆ, ಏಕೆಂದರೆ ನೂಲು ಬಿಚ್ಚುವ ಕುಟುಂಬ ಕೊಡಲಾರದು. ಪ್ರಶ್ನೆಗಳಿಗಂತೂ ಬರವಿಲ್ಲ: ಗೂಡಿನ ಮಾರುಕಟ್ಟೆಯಲ್ಲಿ ಪ್ರತಿ ಲಾಟಿನ ತೂಕ, ದರ ದಾಖಲಾಗುತ್ತವೆ. ಯಾವ ತಿಂಗಳು ದರ ಕುಸಿಯಿತು, ಯಾವ ತಳಿಯ ಗೂಡಿಗೆ ಹೆಚ್ಚು ಬೆಲೆ ಬಂತು ಎಂದು ಆ ದಾಖಲೆಗಳಿಂದ ತೆಗೆಯಲು ದುಬಾರಿ ಉಪಕರಣ ಬೇಡ, ಅಂಕಿಸಂಖ್ಯೆ ಓದಿದ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳು ಸಾಕು.