ಉದ್ರಿ ಪುಸ್ತಕದ ಮರ್ಯಾದೆ

ಶಿರಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಎಂಟು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ತೊಡದೇವು ಮಾರುತ್ತಾಳೆ. ಮೊದಮೊದಲು ಪೇಟೆಯ ಎರಡು ಅಂಗಡಿಗೆ ಕೊಡುತ್ತಿದ್ದಳು. ಆಮೇಲೆ ಫೋನಿನಲ್ಲೇ ಆರ್ಡರ್ ಬರತೊಡಗಿತು. ಈಗ ಸ್ವಂತದ್ದೊಂದು ವೆಬ್‌ಸೈಟ್ ಇದೆ. ಕಳೆದ ತಿಂಗಳು ಹೋದಾಗ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಣ್ಣ, ಈ ಮೆಸೇಜ್ ಕಳಿಸೋ ಆ್ಯಪ್‌ಗೆ ನಮ್ಮ ಗಿರಾಕಿಗಳ ಪಟ್ಟಿ ಜೋಡಿಸ್ಬೇಕು. ಹುಡುಗ ಅರ್ಧ ಮಾಡಿ ಕೆಲಸ ಬಿಟ್ಟು ಹೋದ. ಒಂಚೂರು ನೋಡ್ತೀಯಾ?"

ನೋಡಿದೆ. ಹೆಸರು, ಮೊಬೈಲ್ ನಂಬರು, ವಿಳಾಸ, ಕೊಂಡದ್ದೇನು, ಎಷ್ಟು ಎಂಬುದೆಲ್ಲ ಸಾಲಾಗಿ ಇತ್ತು. ಕೊನೆಯಲ್ಲಿ 'ಷರಾ' ಎಂಬ ಕಾಲಮ್. "ಯಜಮಾನರಿಗೆ ಶುಗರ್, ತೊಡದೇವು ಬೇಡ." "ಬಿ.ಪಿ. ಇದೆ, ಹಪ್ಪಳಕ್ಕೆ ಉಪ್ಪು ಕಡಿಮೆ." "ಮಗಳು ಏಳು ತಿಂಗಳ ಬಸುರಿ, ಬೇಗ ಕಳಿಸಿ." "ಹಗಲು ಮನೆಯಲ್ಲಿ ಯಾರೂ ಇರಲ್ಲ, ಪಕ್ಕದ ಮನೆಗೆ ಕೊಡಿ." ಯಾರೋ ಫೋನಿನಲ್ಲಿ ಮನೆಯವಳಿಗೆ ಹೇಳುವಂತೆ ಹೇಳಿದ್ದನ್ನು ಮರೆಯಬಾರದೆಂದು ಇವಳು ಅಕ್ಕರೆಯಿಂದ ಬರೆದಿಟ್ಟದ್ದು. ಪಕ್ಕದ ಕಿಟಕಿಯಲ್ಲಿ ಆ್ಯಪ್ ಅನುಮತಿ ಕೇಳುತ್ತ ನಿಂತಿತ್ತು: ನಿಮ್ಮ ಎಲ್ಲ ಶೀಟುಗಳನ್ನೂ ನೋಡಲು, ತಿದ್ದಲು, ಹೊಸದು ಮಾಡಲು, ಅಳಿಸಲು. 'ಒಪ್ಪಿಗೆ' ಎಂಬ ನೀಲಿ ಗುಂಡಿ ಒತ್ತುವುದೊಂದೇ ಬಾಕಿ.

ನನಗೆ ನಮ್ಮೂರ ಕಿರಾಣಿ ಅಂಗಡಿ ನೆನಪಾಯಿತು. ಅಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಟ್ಟೆ ಸುತ್ತಿದ ಉದ್ರಿ ಪುಸ್ತಕ ಇರುತ್ತಿತ್ತು. ಯಾರ ಮನೆಯಲ್ಲಿ ಎಷ್ಟು ಬಾಕಿ, ಯಾರು ಅಕ್ಕಿಯನ್ನು ಸೇರಿನ ಲೆಕ್ಕಕ್ಕೆ ಇಳಿಸಿದ್ದಾರೆ, ಎಲ್ಲ ಅದರಲ್ಲಿತ್ತು. ಲೆಕ್ಕ ಬರೆಯುವಾಗ ಇನ್ನೊಬ್ಬ ಗಿರಾಕಿ ಮೆಟ್ಟಿಲು ಹತ್ತಿದರೆ ಅಂಗಡಿಯವರು ಪುಸ್ತಕದ ಮೇಲೆ ಅಂಗೈ ಇಡುತ್ತಿದ್ದರು. ಅವರಿಗೆ ಯಾವ ಕಾನೂನೂ ಹೇಳಿಕೊಟ್ಟಿರಲಿಲ್ಲ. ಬರೆಸಿದವನ ಮಾನ ಆ ಪುಟದಲ್ಲಿದೆ ಎಂದು ಗೊತ್ತಿತ್ತು, ಅಷ್ಟೇ.

ಇವತ್ತಿನ ವ್ಯಾಪಾರಕ್ಕೆ ಒಂದು ಪುಸ್ತಕ ಸಾಲದು, ನಿಜ. ವೆಬ್‌ಸೈಟು ಆರ್ಡರ್ ಹಿಡಿಯುತ್ತದೆ, ಇನ್ನೊಂದು ಸಾಧನ ಇಮೇಲ್ ಕಳಿಸುತ್ತದೆ, ಮತ್ತೊಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬದ ರಿಯಾಯಿತಿ ಸಾರುತ್ತದೆ. ಮೂಲೆಯ ಚಾಟ್ ಡಬ್ಬಿ ಪ್ರಶ್ನೆಗೆ ಉತ್ತರಿಸುತ್ತದೆ. ಇವು ಒಂದರ ಜೊತೆ ಒಂದು ಮಾತಾಡದಿದ್ದರೆ ನಿನ್ನೆ ಕೊಂಡವರಿಗೇ ಇವತ್ತು "ಕೊಳ್ಳಿ" ಎಂಬ ಸಂದೇಶ ಹೋಗುತ್ತದೆ. ಜೋಡಿಸಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಜೋಡಿಸುವುದೆಂದರೆ ಬೀಗದ ಕೈ ಕೊಡುವುದು ಎಂಬುದನ್ನು ನಾವು ಮರೆಯುತ್ತಿದ್ದೇವೆ.

2025ರ ಆಗಸ್ಟಿನಲ್ಲಿ ನಡೆದದ್ದನ್ನೇ ನೋಡಿ. ಸೇಲ್ಸ್‌ಲಾಫ್ಟ್ ಎಂಬ ಅಮೆರಿಕದ ಕಂಪನಿಯದ್ದೊಂದು ಚಾಟ್ ಸಾಧನ, ಹೆಸರು ಡ್ರಿಫ್ಟ್. ವೆಬ್‌ಸೈಟಿಗೆ ಬಂದವರನ್ನು ಮಾತಾಡಿಸಿ, ಅವರ ವಿವರವನ್ನು ಸೇಲ್ಸ್‌ಫೋರ್ಸ್ ಎಂಬ ಗಿರಾಕಿ ದಾಖಲೆ ವ್ಯವಸ್ಥೆಗೆ ಸೇರಿಸುವುದು ಅದರ ಕೆಲಸ. ಎರಡರ ನಡುವೆ ಓಡಾಡಲು ಅದಕ್ಕೆ ಟೋಕನ್ ಎಂಬ ಡಿಜಿಟಲ್ ಕೀಲಿ ಇರುತ್ತಿತ್ತು. ಕಳ್ಳರು ಆ ಕೀಲಿಗಳನ್ನೇ ಕದ್ದರು. ಆಗಸ್ಟ್ 8ರಿಂದ 18ರವರೆಗೆ ಒಂದೊಂದೇ ಸಂಸ್ಥೆಯ ದಾಖಲೆ ಹೊರಕ್ಕೆ ಹರಿಯಿತು. 700ಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದರ ಬಿಸಿ ತಟ್ಟಿರಬಹುದೆಂದು ಗೂಗಲ್‌ನ ಭದ್ರತಾ ತಂಡ ಅಂದಾಜಿಸಿತು. ಸೇಲ್ಸ್‌ಫೋರ್ಸ್‌ನ ಬೀಗವನ್ನು ಯಾರೂ ಒಡೆದಿರಲಿಲ್ಲ. ಒಳಗೆ ಹೋಗಲು ಅನುಮತಿ ಇದ್ದ ಕೀಲಿಯಲ್ಲೇ ಹೋಗಿದ್ದರು.

ಬಲಿಯಾದವರಲ್ಲಿ ಕ್ಲೌಡ್‌ಫ್ಲೇರ್ ಕೂಡ ಇತ್ತು. ಇಂಟರ್ನೆಟ್ ಭದ್ರತೆಯೇ ಆ ಕಂಪನಿಯ ದಂಧೆ. ಅಲ್ಲಿ ಕಳುವಾದದ್ದು ಗ್ರಾಹಕರು ಸಹಾಯ ಕೇಳುವಾಗ ಬರೆದ ಮಾತುಗಳು. ಅವಸರದಲ್ಲಿ ಕೆಲವರು ಪಾಸ್‌ವರ್ಡು, ಕೀಲಿಗಳನ್ನೂ ಅದರಲ್ಲೇ ಬರೆದಿದ್ದರು. ಕಳ್ಳರು ಹುಡುಕಿದ್ದು ಅವನ್ನೇ. ಅಂದರೆ 'ಷರಾ' ಕಾಲಮ್ಮನ್ನು! ತಾವು ಬಳಸುವ ಸಾಧನಗಳ ಆಯ್ಕೆಗೆ ತಾವೇ ಹೊಣೆ ಎಂದು ಕ್ಲೌಡ್‌ಫ್ಲೇರ್ ಬಹಿರಂಗವಾಗಿ ಒಪ್ಪಿಕೊಂಡಿತು. ಆ ನೇರ ಮಾತು ನನಗೆ ಹಿಡಿಸಿತು.

ಗಿರಾಕಿಗಳ ಪಟ್ಟಿಯನ್ನು ಜಾಹೀರಾತು ಕಂಪನಿಗಳಿಗೂ ಕಳಿಸುವುದುಂಟು. ಅದಕ್ಕೆ ಜಾಹೀರಾತಿನವರು ಒಂದು ಸಮಾಧಾನ ಹೇಳುತ್ತಾರೆ: "ನಂಬರನ್ನು ಹಾಗೇ ಕಳಿಸಲ್ಲ, ಹ್ಯಾಶ್ ಮಾಡಿ ಕಳಿಸ್ತೀವಿ." ಹ್ಯಾಶ್ ಎಂದರೆ ನಂಬರನ್ನು ಅರೆದು ಗುರುತು ಸಿಗದ ಅಕ್ಷರಮಾಲೆ ಮಾಡುವುದು. ಅರೆದ ಚಟ್ನಿಯಿಂದ ಕಾಯಿ ಮರಳಿ ಸಿಗದು ಎಂಬ ನಂಬಿಕೆ. ಆದರೆ ನಮ್ಮ ಮೊಬೈಲ್ ನಂಬರು 10 ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಒಟ್ಟು ಸಾಧ್ಯತೆ 400 ಕೋಟಿ. ಎಲ್ಲವನ್ನೂ ಅರೆದು ಹೋಲಿಸಿ ನೋಡುವುದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ನಿಮಿಷಗಳ ಕೆಲಸ. ಅದೂ ಬೇಡ, ಜಾಹೀರಾತು ಕಂಪನಿಯ ಬಳಿ ಅದೇ ನಂಬರು ಮೊದಲೇ ಇದ್ದರೆ ತಾನೂ ಅರೆದು ತಾಳೆ ನೋಡುತ್ತದೆ. ಪಟ್ಟಿ ಕಳಿಸುವುದೇ ಆ ತಾಳೆಗಾಗಿ. ಆನ್‌ಲೈನಿನಲ್ಲಿ ಮಾನಸಿಕ ಆಪ್ತಸಮಾಲೋಚನೆ ಕೊಡುವ ಬೆಟರ್‌ಹೆಲ್ಪ್ ಇಮೇಲ್ ವಿಳಾಸಗಳನ್ನು ಹೀಗೆ ಅರೆದು ಫೇಸ್‌ಬುಕ್‌ಗೆ ಕೊಟ್ಟಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿತು. 2023ರ ಇತ್ಯರ್ಥದಲ್ಲಿ ಕಂಪನಿ 78 ಲಕ್ಷ ಡಾಲರ್ ಕಟ್ಟಬೇಕಾಯಿತು. ಮನಸ್ಸಿನ ನೋವು ಹೇಳಿಕೊಳ್ಳಲು ಬಂದವರ ವಿಳಾಸ ಅವು. ನನಗೆ ಇದು ಹಣದ ಲೆಕ್ಕಕ್ಕೆ ಸಿಗುವ ತಪ್ಪಾಗಿ ಕಾಣುವುದಿಲ್ಲ.

ನಮ್ಮಲ್ಲೂ ಕಾನೂನು ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು. ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಗಡುವು. ಯಾವ ಕೆಲಸಕ್ಕೆಂದು ಹೇಳಿ ಒಪ್ಪಿಗೆ ಪಡೆದಿರೋ ಆ ಕೆಲಸಕ್ಕಷ್ಟೇ ಬಳಸಬೇಕು. ಒಪ್ಪಿಗೆ ಹಿಂಪಡೆಯುವುದು ಕೊಟ್ಟಷ್ಟೇ ಸಲೀಸಾಗಿರಬೇಕು. ಭದ್ರತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಹೊರಗಿನವರ ಸಾಧನದಿಂದ ಸೋರಿತು ಎಂದು ಕೈ ತೊಳೆದುಕೊಳ್ಳಲು ಇದರಲ್ಲಿ ಜಾಗವಿಲ್ಲ.

ಶಿರಸಿಗೆ ಮರಳುತ್ತೇನೆ. ಆ ನೀಲಿ ಗುಂಡಿಯನ್ನು ನಾವು ಒತ್ತಲಿಲ್ಲ. ಹೊಸ ಖಾತೆಯೊಂದನ್ನು ತೆರೆದು ಅದರಲ್ಲಿ ಒಂದೇ ಶೀಟು ಇಟ್ಟೆವು. ಅದರಲ್ಲಿ ಹೆಸರು, ನಂಬರು, "ಸಂದೇಶ ಕಳಿಸಬಹುದು" ಎಂದವರ ಗುರುತು, ಬೇರೇನೂ ಇಲ್ಲ. ಆ್ಯಪ್‌ಗೆ ಆ ಖಾತೆಯ ಕೀಲಿ ಮಾತ್ರ ಕೊಟ್ಟೆವು. ಮೊದಲ ದಿನ ನಮ್ಮಿಬ್ಬರ ನಂಬರುಗಳನ್ನಷ್ಟೇ ಹಾಕಿ ನೋಡಿದೆವು. ಬಿಟ್ಟುಹೋದ ಹುಡುಗನ ಲಾಗಿನ್ ತೆಗೆದೆವು, ಅದು ಇನ್ನೂ ಜೀವಂತವಾಗಿತ್ತು. ಹಣ ಕಟ್ಟುವ ಪುಟದಲ್ಲಿ ಅಂಟಿಕೊಂಡಿದ್ದ ಮೂರು ಹೊರಗಿನ ಸ್ಕ್ರಿಪ್ಟ್‌ಗಳಲ್ಲಿ ಎರಡು ಯಾತಕ್ಕೆಂದು ಯಾರಿಗೂ ತಿಳಿದಿರಲಿಲ್ಲ, ಕಿತ್ತುಹಾಕಿದೆವು. ಯಾವ ಸಾಧನಕ್ಕೆ ಯಾವ ವಿವರ ಹೋಗುತ್ತದೆ ಎಂಬುದನ್ನು ಅವಳು ರಟ್ಟಿನ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ನೇತುಹಾಕಿದಳು.

'ಷರಾ' ಕಾಲಮ್ ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ. "ಅವರು ನಂಬಿ ಹೇಳಿದ್ದು ಅಣ್ಣ, ಹೇಗೆ ಅಳಿಸಲಿ?" ಎಂದಳು. ಕೊನೆಗೆ ಅದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಕೈಯಲ್ಲೇ ಬರೆದುಕೊಂಡಳು. ಎರಡು ಸಂಜೆ ಹಿಡಿಯಿತು.

ಹದಿನೈದು ದಿನದ ಮೇಲೆ ಫೋನ್ ಮಾಡಿದಳು. ಹಳೆಯ ಗಿರಾಕಿಯೊಬ್ಬರು ತಮ್ಮ ಹೆಸರು ತೆಗೆದುಬಿಡಿ ಎಂದಿದ್ದರಂತೆ. ರಟ್ಟು ನೋಡಿಕೊಂಡು ವೆಬ್‌ಸೈಟು, ಶೀಟು, ಇಮೇಲ್ ಸಾಧನ, ಮೆಸೇಜ್ ಆ್ಯಪ್ ನಾಲ್ಕರಿಂದಲೂ ತೆಗೆದಿದ್ದಳು. ಐದನೆಯ ಪ್ರತಿಯೂ ಒಂದಿತ್ತು, ಬಿಟ್ಟುಹೋದ ಹುಡುಗನ ವಾಟ್ಸ್‌ಆ್ಯಪ್‌ನಲ್ಲಿ, ಹಿಂದೆಂದೋ ಇವಳೇ ಕಳಿಸಿದ್ದ ಇಡೀ ಪಟ್ಟಿ. ಅವನು ಈಗ ಹುಬ್ಬಳ್ಳಿಯಲ್ಲಿದ್ದಾನೆ. ಭಾನುವಾರ ಬಸ್ ಹತ್ತಿ ಹೋಗಿ, ಅವನ ಎದುರೇ ಕೂತು ಅಳಿಸಿಸಿ ಬಂದಳು.